ಪೈಪಿನೊಳಗಿನ ನೀರು ಯಾರದು?

ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ಮರಳುವಾಗ, ನೀರು ಬಿಡುವ ದಿನವಾದರೆ, ನಮ್ಮ ಹಿರೇಹಡಗಲಿಯ ಓಣಿಯಲ್ಲಿ ಕಾಲೆತ್ತಿ ಕಾಲೆತ್ತಿ ನಡೆಯಬೇಕಾಗುತ್ತದೆ. ನಳದ ಬಾಯಿಗೆ ಸಿಕ್ಕಿಸಿದ ಪೈಪುಗಳು ಹಸಿರು, ನೀಲಿ, ಕಪ್ಪು ಬಣ್ಣಗಳಲ್ಲಿ ಹೊಸಿಲು ದಾಟಿ, ಚರಂಡಿ ದಾಟಿ, ಕೆಲವು ಪಕ್ಕದವರ ಅಂಗಳವನ್ನೂ ದಾಟಿ ಒಂದರ ಮೇಲೊಂದು ಬಿದ್ದಿರುತ್ತವೆ. ಒಂದು ಪೈಪು ಬಚ್ಚಲಿನ ಬಾನಿಗೆ, ಮತ್ತೊಂದು ನೆಲದ ತೊಟ್ಟಿಗೆ, ಇನ್ನೊಂದು ಹಿತ್ತಿಲಿನ ಮಲ್ಲಿಗೆ ಪಾತಿಗೆ. ಹಡಗಲಿ ಸೀಮೆಯಲ್ಲಿ ಮಲ್ಲಿಗೆಯಿಲ್ಲದ ಹಿತ್ತಿಲು ಕಡಿಮೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವು ಅದು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತೆಂದು ಹಿರಿಯರು ಈಗಲೂ ಹೇಳುತ್ತಾರೆ. ಆ ಹೂವಿನ ಮೇಲಿನ ಪ್ರೀತಿಯಿಂದಲೇ ನಾನೂ ಒಂದು ನೂರು ಅಡಿಯ ಪೈಪು ಕೊಂಡವನು.

ಕಳೆದ ಬೇಸಿಗೆಯ ಒಂದು ಮುಂಜಾವು. ತೊಟ್ಟಿ ತುಂಬಿತ್ತು, ಗಿಡಗಳಿಗೂ ನೀರಾಗಿತ್ತು. ಪೈಪನ್ನು ಆಮೇಲೆ ಸುತ್ತಿಡೋಣವೆಂದು ಓಣಿಯಲ್ಲೇ ಬಿಟ್ಟು ಒಳಗೆ ಚಹಾ ಕುಡಿಯಲು ಹೋದೆ. ಪಕ್ಕದ ಮನೆಯ ಅಜ್ಜಿ ಮಿನಿ ಟ್ಯಾಂಕಿನಿಂದ ಎರಡು ಕೊಡ ನೀರು ಹೊತ್ತು ಬರುತ್ತಿದ್ದವರು, ಪೈಪಿಗೆ ಕಾಲು ಸಿಕ್ಕಿ ಬಿದ್ದರು. ಪ್ಲಾಸ್ಟಿಕ್ ಕೊಡವೊಂದು ಒಡೆಯಿತು, ಇನ್ನೊಂದು ಮಗುಚಿತು. ಮೊಣಕಾಲು ತರಚಿ ರಕ್ತ ಬಂತು. ಓಡಿ ಹೋಗಿ ಎತ್ತಿದೆ, ನಿಜ. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು, "ನೋಡಿಕೊಂಡು ನಡೀಬಾರದೇನ್ ಅಜ್ಜೀ?" ಎಂಬುದಾಗಿತ್ತು.

"ಕತ್ತಲದಾಗ ಕಾಣಲಿಲ್ಲೋ ಸಾಬಣ್ಣಾ. ಕೊಡಾನೂ ಹೋತು, ನೀರೂ ಹೋತು" ಎಂದರು ಅವರು. ಪೈಪಿನ ಮಾತನ್ನೇ ಎತ್ತಲಿಲ್ಲ. ಎತ್ತಿ ಎರಡು ಬೈದಿದ್ದರೆ ನನಗೆ ಇಷ್ಟು ದಿನ ಆ ಮಾತು ಚುಚ್ಚುತ್ತಿರಲಿಲ್ಲವೇನೋ.

ಓದುಗರಿಗೆ ಇದೊಂದು ಸಣ್ಣ ಪ್ರಸಂಗವೆನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತು. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಲ್ಲಿ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು (ಮುಸ್ಲಿಮ್) ಮದ್ರಸದಲ್ಲಿ ಕಲಿಯದ ಮಗು ನಮ್ಮಲ್ಲಿಲ್ಲ. ಮುಳ್ಳು, ಕಲ್ಲು ಎಂದರೆ ಥಟ್ಟನೆ ತಿಳಿಯುತ್ತದೆ. ಅವು ಯಾರೋ ಹಾಕಿದವು, ನಾವು ಎತ್ತುವವರು. ಆದರೆ ದಾರಿಯ ತೊಂದರೆ ನನ್ನದೇ ವಸ್ತುವಾದರೆ, ಅದೂ ಕೆಲಸದ ವಸ್ತುವಾದರೆ, ಅದು ಕಣ್ಣಿಗೆ ತೊಂದರೆಯಾಗಿ ಕಾಣುವುದೇ ಇಲ್ಲ. ಸಾರ್ವಜನಿಕ ದಾರಿಯಲ್ಲಿ ಏನನ್ನಾದರೂ ಇಟ್ಟು ಅದರಿಂದ ಇನ್ನೊಬ್ಬರಿಗೆ ನಷ್ಟವಾದರೆ ಇಟ್ಟವನೇ ಹೊಣೆ ಎಂದು ಫಿಕ್‌ಹ್‌ನ ವಿದ್ವಾಂಸರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಅಂದರೆ ಕೊಡದ ಬೆಲೆ ನನ್ನ ತಲೆಯ ಮೇಲಿತ್ತು. ಸಂಜೆಯೇ ಪೇಟೆಯಿಂದ ಹೊಸ ಕೊಡ ತಂದುಕೊಟ್ಟೆ. ಅಲ್ಲಿಗೆ ಲೆಕ್ಕ ಮುಗಿಯಿತೆಂದುಕೊಂಡೆ.

ಲೆಕ್ಕ ಮುಗಿದಿರಲಿಲ್ಲ. ಆ ರಾತ್ರಿ ಮನೆಯಾಕೆ ಒಂದು ಮಾತು ಕೇಳಿದಳು: "ಅಜ್ಜಿಯ ಮನೆ ಮುಂದೆಯೂ ನಳ ಇದೆಯಲ್ಲ, ಅವರು ಯಾಕೆ ಟ್ಯಾಂಕಿಗೆ ಹೋಗಿದ್ದರು?"

ಉತ್ತರ ನನಗೆ ಗೊತ್ತಿತ್ತು. ನನ್ನ ನಳಕ್ಕೆ ಅರ್ಧ ಎಚ್.ಪಿ. ಮೋಟಾರು ಹಚ್ಚಿದ್ದೆ. ಮೋಟಾರು ನೀರನ್ನು ಕಾಯುವುದಿಲ್ಲ, ಎಳೆಯುತ್ತದೆ. ಕೊಳವೆಯಲ್ಲಿ ಹರಿಯುವ ನೀರು ಒಂದೇ. ಒಂದು ಬಾಯಿ ಅದನ್ನು ಹೀರಿದರೆ ಅಕ್ಕಪಕ್ಕದ ಬಾಯಿಗಳಲ್ಲಿ ಒತ್ತಡ ಇಳಿದು ಬರೀ ಗಾಳಿ ಬುಸುಗುಡುತ್ತದೆ. ಕೆಲವೊಮ್ಮೆ ಒಡೆದ ಜಾಗದಿಂದ ಚರಂಡಿಯ ಕೊಳೆಯನ್ನೂ ಕೊಳವೆಯೊಳಕ್ಕೆ ಸೆಳೆಯುತ್ತದೆ. ಅಜ್ಜಿಯ ನಳ ಒಣಗಿದ್ದು ನನ್ನ ಮೋಟಾರಿನಿಂದ. ಅವರು ಟ್ಯಾಂಕಿಗೆ ನಡೆದದ್ದು ಅದರಿಂದ. ಬಿದ್ದದ್ದು ನನ್ನ ಪೈಪಿಗೆ. ಹೀಗೆ ನೋಡಿದರೆ ನಾನು ತಂದುಕೊಟ್ಟ ಕೊಡ ಯಾವುದರ ಬೆಲೆ?

ಇಲ್ಲಿಂದ ಪ್ರಶ್ನೆ ಶುರುವಾಗುತ್ತದೆ. ನೀರು ಯಾವ ಘಳಿಗೆಯಲ್ಲಿ 'ನನ್ನದು' ಆಗುತ್ತದೆ?

ಇದು ಹೊಸ ಪ್ರಶ್ನೆಯಲ್ಲ. ಮುಸ್ಲಿಮರು ಮೂರು ವಸ್ತುಗಳಲ್ಲಿ ಪಾಲುದಾರರೆಂದೂ ಅವು ನೀರು, ಹುಲ್ಲು, ಬೆಂಕಿ ಎಂದೂ ತಿಳಿಸುವ ಪ್ರವಾದಿ ವಚನ (ಅಬೂದಾವೂದ್) ಪ್ರಸಿದ್ಧವಾಗಿದೆ. ಅದರ ಆಧಾರದಲ್ಲಿ ಹನಫೀ ವಿದ್ವಾಂಸರು 'ಶಿರ್ಬ್' ಎಂಬ ಅಧ್ಯಾಯವನ್ನೇ ಬರೆದು ನೀರಿನಲ್ಲಿ ದರ್ಜೆಗಳನ್ನು ಮಾಡಿದರು. ಹೊಳೆಯ ನೀರು ಎಲ್ಲರದು. ಒಬ್ಬನು ತೋಡಿದ ಬಾವಿ, ಕಾಲುವೆಗಳ ನೀರನ್ನು ಹೊಲಕ್ಕೆ ಹಾಯಿಸುವ ಹಕ್ಕು ಅವನದು. ಆದರೆ ಮನುಷ್ಯರೂ ದನಕರುಗಳೂ ಕುಡಿಯುವ ಹಕ್ಕು ಅಲ್ಲಿಯೂ ಉಳಿದಿರುತ್ತದೆ. ಕೊಡದಲ್ಲಿ, ಚರ್ಮದ ಚೀಲದಲ್ಲಿ ತುಂಬಿಕೊಂಡದ್ದು ಮಾತ್ರ ತುಂಬಿದವನ ಸೊತ್ತು. ಅದನ್ನು ಮಾರಬಹುದು, ದಾನ ಕೊಡಬಹುದು. ಅದನ್ನೂ ಬಾಯಾರಿ ಸಾಯುತ್ತಿರುವವನಿಗೆ ನಿರಾಕರಿಸುವಂತಿಲ್ಲ.

ಈ ದರ್ಜೆಗಳಲ್ಲಿ ಪೈಪು ಎಲ್ಲಿ ನಿಲ್ಲುತ್ತದೆ? ಒಂದು ತುದಿ ಊರಿನ ಕೊಳವೆಯಲ್ಲಿದೆ, ಮತ್ತೊಂದು ತುದಿ ನನ್ನ ತೊಟ್ಟಿಯಲ್ಲಿದೆ. ನಡುವಿನ ನೂರು ಅಡಿಯಲ್ಲಿರುವ ನೀರು ಹೊಳೆಯೋ ಕೊಡವೋ? ಒಬ್ಬ ಸ್ನೇಹಿತರು ನಗುತ್ತಾ, "ನಳದ ಬಾಯಿ ದಾಟಿದ ಮೇಲೆ ನಿನ್ನದಪ್ಪ, ಕರ ಕಟ್ಟುತ್ತೀಯಲ್ಲ" ಎಂದರು. ಕಾನೂನಿನ ಮಾತಾದರೆ ಅದು ಸರಿಯಿರಬಹುದು. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯ್ದೆ ಕೂಡ ನೆಲದಡಿ ಕಾಣದಂತೆ ಹರಡಿದ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ನೆಲದ ಒಡೆಯನಿಗೇ ಕೊಟ್ಟಿದೆ. ಬೋರು ಕೊರೆದವನೇ ದೊರೆ ಎಂಬ ಧೋರಣೆಗೆ ಅದೇ ಬೇರು. ಆದರೆ ಕರ ಕಟ್ಟುವುದು ನನ್ನ ಪಾಲಿಗೆ. ಮೋಟಾರು ಎಳೆಯುವುದು ಪಾಲಿನ ಆಚೆಗಿನದನ್ನು. ಅಜ್ಜಿಯೂ ಕರ ಕಟ್ಟಿದ್ದಾರೆ. ನಳದ ಬಾಯಿಗೆ ಬರುವ ಮುನ್ನವೇ ಅವರ ಪಾಲು ನನ್ನ ಕಡೆಗೆ ತಿರುಗಿದ್ದರೆ, ಪೈಪಿನೊಳಗೆ ಹರಿದದ್ದಷ್ಟೂ ನನ್ನದೆಂದು ಯಾವ ಬಾಯಿಂದ ಹೇಳಲಿ?

ಹ. ಝುಬೈರ್(ರ)ರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಮದೀನಾದ ಹರ್ರಾ ಪ್ರದೇಶದ ಕಾಲುವೆಯ ವಿಷಯದಲ್ಲಿ ಅವರಿಗೂ ಅನ್ಸಾರರ ಒಬ್ಬರಿಗೂ ವ್ಯಾಜ್ಯ ಬಂತು. ಝುಬೈರ್‌ರ ತೋಟ ಮೇಲುಗಡೆಯಿತ್ತು, ನೀರು ಮೊದಲು ಅಲ್ಲಿಗೆ ಬರುತ್ತಿತ್ತು. ಗಿಡಗಳಿಗೆ ನೀರುಣಿಸಿ ಆ ಬಳಿಕ ನೆರೆಯವನಿಗೆ ಬಿಡುವಂತೆ ಪ್ರವಾದಿವರ್ಯರು(ಸ) ತೀರ್ಪಿತ್ತರು. ಝುಬೈರ್ ತಮ್ಮ ಸೋದರತ್ತೆಯ ಮಗನೆಂದು ಹೀಗೆ ತೀರ್ಪು ಕೊಟ್ಟಿರೆಂದು ಆ ಮನುಷ್ಯ ಆಕ್ಷೇಪಿಸಿದ. ಪ್ರವಾದಿವರ್ಯರ(ಸ) ಮುಖ ಬಣ್ಣಗೆಟ್ಟಿತು. ಆಗ ಝುಬೈರ್‌ಗೆ ಅವರ ಪೂರ್ಣ ಹಕ್ಕನ್ನು, ಅಂದರೆ ಪಾತಿಯ ಬದುವಿನ ಮಟ್ಟ ನೀರು ನಿಲ್ಲುವವರೆಗೆ ತಡೆಹಿಡಿಯುವ ಹಕ್ಕನ್ನು ಕೊಟ್ಟರು (ಬುಖಾರಿ, ಮುಸ್ಲಿಮ್). ಇದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಮೊದಲ ತೀರ್ಪು ಝುಬೈರ್‌ರ ಹಕ್ಕಿಗಿಂತ ಕಡಿಮೆಯಾಗಿತ್ತು. ಹಕ್ಕು ಬದುವಿನವರೆಗೆ ಇದ್ದರೂ ನೆರೆಹೊರೆಯ ಬಾಳುವೆಗಾಗಿ ಅದಕ್ಕಿಂತ ಮುಂಚೆಯೇ ಬಿಟ್ಟುಕೊಡಲು ಪ್ರವಾದಿವರ್ಯರು(ಸ) ಮೊದಲು ಸೂಚಿಸಿದ್ದರು. ಪೂರ್ಣ ಹಕ್ಕು ಹೊರಬಂದದ್ದು ಜಗಳದ ಬಳಿಕ. ಇಂದು ನಾವಾದರೋ ಮೊದಲ ದಿನದಿಂದಲೇ ಬದುವಿನ ಲೆಕ್ಕದಲ್ಲಿ ಮಾತಾಡುತ್ತೇವೆ.

ಹಾಗೆಂದು ನೀರಿನ ಒಡೆತನವನ್ನೇ ಇಸ್ಲಾಮ್ ಅಲ್ಲಗಳೆಯುತ್ತದೆಂದು ಹೇಳುವವರ ಮಾತನ್ನೂ ನಾನು ಒಪ್ಪಲಾರೆ. ಮಾತೆ ಹಾಜರಾ(ಅ)ರನ್ನು ನೋಡಿ. ಝಮ್‌ಝಮ್ ಚಿಮ್ಮಿದಾಗ ಅವರು ಸುತ್ತಲೂ ಮಣ್ಣು ಕಟ್ಟಿ ನೀರನ್ನು ನಿಲ್ಲಿಸಿದರು, ಚೀಲಕ್ಕೆ ತುಂಬಿಕೊಂಡರು. ಮರುಭೂಮಿಯಲ್ಲಿ ಎಳೆಗೂಸನ್ನು ಇಟ್ಟುಕೊಂಡ ತಾಯಿ ಇನ್ನೇನು ಮಾಡಿಯಾರು? ಅವರು ಹಾಗೆಯೇ ಬಿಟ್ಟಿದ್ದರೆ ಅದು ಹರಿಯುವ ತೊರೆಯಾಗುತ್ತಿತ್ತೆಂದು ಪ್ರವಾದಿವರ್ಯರು(ಸ) ಅನುಕಂಪದಿಂದ ನೆನೆದಿದ್ದಾರೆ. ಬಳಿಕ ಜುರ್‌ಹುಮ್ ಗೋತ್ರದವರು ಬಂದು ಅಲ್ಲಿ ಬೀಡುಬಿಡಲು ಅನುಮತಿ ಕೇಳಿದಾಗ ಅವರು ಒಪ್ಪಿದರು, ಆದರೆ ನೀರಿನ ಮೇಲೆ ನಿಮಗೆ ಹಕ್ಕಿಲ್ಲವೆಂಬ ಶರತ್ತು ಹಾಕಿದರು. ಅವರೂ ಒಪ್ಪಿಕೊಂಡರು (ಬುಖಾರಿ). ಓರ್ವ ಒಂಟಿ ಹೆಂಗಸು ಇಡೀ ಗೋತ್ರದೆದುರು ತನ್ನ ಹಕ್ಕನ್ನು ಹೇಳಿಕೊಂಡಳು, ಜೊತೆಗೆ ನೀರನ್ನೂ ಕೊಟ್ಟಳು. ಎರಡನ್ನೂ ಒಟ್ಟಿಗೆ ಮಾಡಬಹುದೆಂಬುದು ನನಗೆ ಈ ಘಟನೆಯಿಂದ ಹೊಳೆಯಿತು. ಹಕ್ಕನ್ನು ಉಳಿಸಿಕೊಂಡವರಿಗೇ ಕೊಡುವ ಭಾಗ್ಯವೂ ಇರುತ್ತದೆ. ಹ. ಉಸ್ಮಾನ್(ರ) ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಆ ಬಳಿಕವೇ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಹಿತ್ತಿಲಿನ ಗಿಡಗಳ ಮಾತಿಗೆ ಬರೋಣ. ಗಿಡಕ್ಕೆ ನೀರು ಹಾಕುವುದು ದುಂದುಗಾರಿಕೆಯೇ? ಖಂಡಿತ ಅಲ್ಲ. ನೆಟ್ಟ ಗಿಡದಿಂದ ಹಕ್ಕಿಯೋ ಮನುಷ್ಯನೋ ಪಶುವೋ ತಿಂದರೆ ಅದು ನೆಟ್ಟವನಿಗೆ ಸದಕವೆಂದು ಹದೀಸ್ ಇದೆ. ತೊಡಕು ಇರುವುದು ಪೈಪಿನ ಸ್ವಭಾವದಲ್ಲಿ. ಕೊಡದಲ್ಲಿ ಹೊತ್ತು ಹಾಕುವಾಗ ಸೊಂಟವೇ ಲೆಕ್ಕ ಇಡುತ್ತದೆ, ನಾಲ್ಕನೆಯ ಕೊಡಕ್ಕೆ ಸಾಕೆನಿಸುತ್ತದೆ. ಪೈಪು ಆ ಲೆಕ್ಕವನ್ನು ಮರೆಸಿಬಿಡುತ್ತದೆ. ನಮ್ಮ ನಳದಲ್ಲಿ ಮೋಟಾರು ಹಚ್ಚಿದಾಗ 15 ಲೀಟರಿನ ಬಕೆಟ್ ಒಂದು ನಿಮಿಷದೊಳಗೆ ತುಂಬುತ್ತಿತ್ತು. ಪಾತಿಯಲ್ಲಿ ಪೈಪು ಬಿಟ್ಟು ಹತ್ತು ನಿಮಿಷ ಮಾತಿಗೆ ನಿಂತರೆ 150 ಲೀಟರ್ ಹೋಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. ಅಂದರೆ ಹತ್ತು ನಿಮಿಷದ ಹರಟೆಗೆ ಹೆಚ್ಚುಕಡಿಮೆ ಮೂವರ ಒಂದು ದಿನದ ನೀರು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ, ಬದಲಿ ಗೇಟು ಕೂರಿಸುವವರೆಗೆ ಸುಮಾರು ಒಂದು ವಾರ ನಮ್ಮ ಸೀಮೆಯೆಲ್ಲ ಹರಿದುಹೋಗುವ ನೀರನ್ನು ನೋಡಿ ಮರುಗಿತು. ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅದೇ ವಾರ ನನ್ನ ಪೈಪಿನ ಜೋಡಣೆಯಿಂದ ನೀರು ಸೋರುತ್ತಿತ್ತು. ಅದಕ್ಕೊಂದು ಕ್ಲಿಪ್ಪು ಹಾಕಲು ನನಗೆ ತಿಂಗಳು ಹಿಡಿಯಿತು.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು (ಬುಖಾರಿ, ಮುಸ್ಲಿಮ್). ಅಳತೆಯ ಬಗ್ಗೆ ವಿದ್ವಾಂಸರಲ್ಲಿ ಸ್ವಲ್ಪ ಭಿನ್ನತೆಯಿದ್ದರೂ ಮುಕ್ಕಾಲು ಲೀಟರಿನ ಆಸುಪಾಸೆಂದು ಇಟ್ಟುಕೊಳ್ಳೋಣ. ಅರ್ಧ ಇಂಚಿನ ನೂರು ಅಡಿ ಪೈಪಿನ ಹೊಟ್ಟೆಯಲ್ಲಿ ಎಷ್ಟು ನೀರು ನಿಲ್ಲುತ್ತದೆಂದು ಒಮ್ಮೆ ಲೆಕ್ಕ ಹಾಕಿದೆ. ನಾಲ್ಕು ಲೀಟರಿಗೆ ತುಸು ಕಡಿಮೆ. ಮುಕ್ಕಾಲು ಇಂಚಿನದಾದರೆ ಎಂಟೂವರೆ ಲೀಟರ್ ದಾಟುತ್ತದೆ. ನಳ ನಿಲ್ಲಿಸಿ ಪೈಪನ್ನು ಓಣಿಗೆ ಎಳೆದು ಬಿಸಾಡುವಾಗ ಚರಂಡಿಗೆ ಹೋಗುವ 'ಉಳಿಕೆ' ನೀರೇ ಐದು ವುಝೂಗಳಿಗೆ ಆಗುವಷ್ಟು! ಈಗ ನಳದ ಕಡೆಯ ತುದಿಯನ್ನು ಮೊದಲು ಬಿಚ್ಚಿ ಎತ್ತಿ ಹಿಡಿದು, ಅಲ್ಲಿಂದ ಸುತ್ತುತ್ತಾ ಹೋಗುತ್ತೇನೆ. ಉಳಿದ ನೀರು ಇನ್ನೊಂದು ತುದಿಯಿಂದ ಕರಿಬೇವಿನ ಬುಡಕ್ಕೆ ಇಳಿಯುತ್ತದೆ.

ಪೈಪನ್ನು ಇಡುವ ರೀತಿಯ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ, ಲೇಖನಕ್ಕೆ ಹೊಂದದಿದ್ದರೂ ಚಿಂತೆಯಿಲ್ಲ. ನಮ್ಮೂರಿನ ಬಿಸಿಲಿಗೆ ಪ್ಲಾಸ್ಟಿಕ್ ಪೈಪು ಎರಡು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೊಳೆಗೆ ನೇತುಹಾಕಿದರೆ ಮಡಿಕೆಯಾದಲ್ಲೇ ಸೀಳುತ್ತದೆ. ಹಳೆಯ ಸ್ಕೂಟರ್ ಟಯರನ್ನು ನೆರಳಿನ ಗೋಡೆಗೆ ಬಡಿದು ಅದರ ಮೇಲೆ ಸುತ್ತಿದರೆ ಬಹುಕಾಲ ಬಾಳುತ್ತದೆ. ನೀರು ತುಂಬಿದ ಪೈಪನ್ನು ಎಳೆಯಬಾರದು, ಭಾರಕ್ಕೆ ಗಿಡಗಳು ಮುರಿಯುತ್ತವೆ. ತಿರುವಿನಲ್ಲಿ ಒಂದು ಗೂಟ ನೆಟ್ಟರೆ ಪಾತಿ ಉಳಿಯುತ್ತದೆ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರು ಕುದಿಯುವಂತಿರುತ್ತದೆ. ಅದನ್ನು ಎಳೆಯ ಗಿಡಕ್ಕೂ ಹಾಕಬೇಡಿ, ಮಕ್ಕಳ ಮೇಲೂ ಬಿಡಬೇಡಿ, ಕುಡಿಯಲಂತೂ ಬೇಡ.

ಇನ್ನು ಎರವಲಿನ ವಿಷಯ. ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯಕ್ಕೆ 'ಅಲ್‌ಮಾಊನ್' ಎಂದು ಹೆಸರು. ತೋರಿಕೆಗೆ ನಮಾಝ್ ಮಾಡುತ್ತಾ, ಸಣ್ಣಪುಟ್ಟ ಬಳಕೆಯ ವಸ್ತುವನ್ನೂ ಇತರರಿಗೆ ಕೊಡದವರ ಕುರಿತಾದ ಕಠಿಣ ಎಚ್ಚರಿಕೆ ಅದರಲ್ಲಿದೆ. ಮಾಊನ್ ಎಂದರೇನು? ಝಕಾತ್ ಎಂದವರಿದ್ದಾರೆ. ಹ. ಇಬ್ನು ಮಸ್‌ಊದ್(ರ)ರಂತಹ ಸಹಾಬಿಗಳು ಬಾವಿಯ ಬಕೆಟ್, ಅಡುಗೆಯ ಪಾತ್ರೆ, ಕೊಡಲಿಯಂತಹ ನೆರೆಹೊರೆಯವರು ಪರಸ್ಪರ ಕೇಳಿ ಪಡೆಯುವ ವಸ್ತುಗಳನ್ನು ಹೆಸರಿಸಿದ್ದಾರೆ. ಅಂದಿನ ಬಕೆಟ್ ಇಂದಿನ ಪೈಪಲ್ಲವೇ?

ಆದರೆ ಕೊಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ನನ್ನ ಮೊದಲ ಪೈಪು ಎರವಲು ಹೋಗಿ ಮೂರು ತುಂಡಾಗಿ ಬಂತು. ಕೊಂಡೊಯ್ದವರು, "ಮೊದಲೇ ಹಳೇದಿತ್ತಲ್ರೀ" ಎಂದರು. ಹನಫೀ ವಿದ್ವಾಂಸರ ಪ್ರಕಾರ ಎರವಲು ವಸ್ತು ಪಡೆದವನ ಕೈಯಲ್ಲಿ ಅಮಾನತ್ತು. ಅವನ ಅತಿರೇಕ, ನಿರ್ಲಕ್ಷ್ಯವಿಲ್ಲದೆ ಹಾಳಾದರೆ ಅವನು ಬೆಲೆ ತೆರಬೇಕಾಗಿಲ್ಲ. ಶಾಫಿಈ ವಿದ್ವಾಂಸರ ಪ್ರಕಾರ ಅವನು ಹೊಣೆಗಾರ. ಕರಾವಳಿಯ ಓದುಗರಿಗೆ ಈ ಎರಡನೆಯದು ಪರಿಚಿತ. ನಾನು ಹನಫೀ, ಆದರೂ ಪೈಪು ತುಂಡಾದ ದಿನ ಮಾತ್ರ ಶಾಫಿಈ ಆಗಿಬಿಡಲೇ ಎನಿಸಿದ್ದುಂಟು. ತಮಾಷೆ ಇರಲಿ. ಆ ಬಳಿಕ ಕೆಲವು ತಿಂಗಳು ಕೇಳಿದವರಿಗೆಲ್ಲ "ತೋಟಕ್ಕೆ ಕಳಿಸೀನ್ರೀ" ಎನ್ನುತ್ತಿದ್ದೆ. ಪೈಪು ಬಾಗಿಲ ಹಿಂದೆಯೇ ಇರುತ್ತಿತ್ತು. ಹಾಳಾದೀತೆಂಬ ಭಯ ನನ್ನಿಂದ ಸುಳ್ಳು ಹೇಳಿಸಿತ್ತು. ನಾನು ತೆತ್ತ ಬೆಲೆ ಪೈಪಿಗಿಂತ ದುಬಾರಿಯೆಂದು ಆಗ ತಿಳಿಯಲಿಲ್ಲ.

ಅಜ್ಜಿ ಬಿದ್ದ ವಾರವೇ ನಳದಿಂದ ಮೋಟಾರು ಬಿಚ್ಚಿದೆ. ಈಗ ನೀರು ತಾನಾಗಿ ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಮೇಲಿನ ಸಿಂಟೆಕ್ಸಿಗೆ ಮಾತ್ರ ಮೋಟಾರು. ಧರ್ಮಕ್ಕೆ ಸಂದಿತೆಂದು ನಿರಾಳವಾದೆ. ಆದರೆ ಅಜ್ಜಿಯ ನಳದಲ್ಲಿ ನೀರು ಆಗಲೂ ಸಣ್ಣಗೇ ಬರುತ್ತಿತ್ತು. ನೀರುಗಂಟಿ ಬಂದು ನೋಡಿ ಕಾರಣ ಹೇಳಿದ. ನನ್ನ ತೊಟ್ಟಿ ನೆಲದಿಂದ ಆರು ಅಡಿ ಕೆಳಗಿದೆ, ಮನೆಯೂ ಇಳಿಜಾರಿನಲ್ಲಿದೆ. ಅವರ ನಳ ಕಟ್ಟೆಯ ಮೇಲೆ ಎತ್ತರದಲ್ಲಿದೆ. ಮೋಟಾರಿಲ್ಲದೆಯೂ ನೀರು ತಗ್ಗಿಗೇ ಓಡುತ್ತದೆ.

ಇಲ್ಲಿ ನಾನು ನಿಜಕ್ಕೂ ಗೊಂದಲಕ್ಕೆ ಬಿದ್ದೆ. ಮೋಟಾರು ನನ್ನ ಕೈಯ ಕೆಲಸ, ಅದರ ತಪ್ಪು ನನ್ನದು. ಇಳಿಜಾರು ನನ್ನ ತಂದೆ ಮನೆ ಕಟ್ಟಿದ ಜಾಗ. ಅದು ನನಗೆ ಸಿಕ್ಕ ಅನುಗ್ರಹವೋ, ಪರೀಕ್ಷೆಯೋ? ತಾನಾಗಿ ಹರಿದುಬಂದ ಹೆಚ್ಚಿನ ಪಾಲಿಗೆ ನಾನು ಉತ್ತರದಾಯಿಯೇ? ಝುಬೈರ್‌ರ(ರ) ತೋಟ ಮೇಲಿದ್ದುದೂ ಅವರ ಸಾಧನೆಯೇನಲ್ಲ. ಆದರೂ ಕೆಳಗಿನವನಿಗಾಗಿ ಬೇಗ ಬಿಟ್ಟುಕೊಡಲು ಅವರಿಗೆ ಸೂಚನೆ ಬಂತು. ನೀರು ಮೊದಲು ಮುಟ್ಟುವುದು ಮೇಲಿನವನಿಗೋ ತಗ್ಗಿನವನಿಗೋ, ಯಾರಿಗೆ ಮುಟ್ಟುತ್ತದೋ ಮಾತು ಅವನಿಗೇ ಅನ್ವಯವಾಗುತ್ತದಲ್ಲವೇ? ಹಕ್ಕು ಬಾಧ್ಯತೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲವೆಂದು ಒಬ್ಬ ಆಲಿಮರು ಹೇಳಿದರು. ಇಹ್ಸಾನ್ ಎಂಬುದಕ್ಕೆ ಪಟ್ಟಿ ಇರುವುದಿಲ್ಲವೆಂದೂ ಅವರೇ ಹೇಳಿದರು.

ನೀರುಗಂಟಿಗೆ ಹೇಳಿ ನನ್ನ ತೊಟ್ಟಿಗೆ ಹೋಗುವ ಕವಾಟವನ್ನು ಅರ್ಧ ತಿರುಗಿಸಿದೆ. ತೊಟ್ಟಿ ತುಂಬಲು ಈಗ ದುಪ್ಪಟ್ಟು ಹೊತ್ತು ಬೇಕು. ಕೆಲವು ಸಲ ತುಂಬುವುದೂ ಇಲ್ಲ. ಮಲ್ಲಿಗೆಗೆ ಬಚ್ಚಲ ನೀರನ್ನು ತಿರುಗಿಸಿದ್ದೇವೆ. ಸಾಬೂನಿನಿಂದಲೋ ಏನೋ ಒಂದು ಬಳ್ಳಿ ಹಳದಿಯಾಗಿದೆ, ಮನೆಯಾಕೆಗೆ ಅದರ ಬೇಸರವಿದೆ. ಎದುರು ಮನೆಯವರು ಮಾತ್ರ ಮೋಟಾರು ತೆಗೆದಿಲ್ಲ. ನಾನು ಬಿಟ್ಟ ನೀರಿನಲ್ಲಿ ಎಷ್ಟು ಅಜ್ಜಿಗೆ ಸೇರುತ್ತದೆ, ಎಷ್ಟು ಅವರ ಮೋಟಾರಿಗೆ ಹೋಗುತ್ತದೆ, ಅಲ್ಲಾಹನೇ ಬಲ್ಲ. ಅವರೊಂದಿಗೆ ಮಾತಾಡಬೇಕೆಂದುಕೊಂಡು ಎರಡು ಜುಮಾ ಕಳೆದಿವೆ.

ಮೊನ್ನೆ ಅಜ್ಜಿಯ ಮೊಮ್ಮಗ ಬಂದು, "ಕಾಕಾ, ಅಜ್ಜಿ ಪೈಪು ಇಸ್ಕೊಂಡ್ ಬಾ ಅಂದಾಳ, ನಳದಾಗ ನೀರು ಬಂದಾವು" ಎಂದ. ಟಯರಿನ ಮೇಲಿಂದ ಇಳಿಸಿ ಕೊಟ್ಟೆ. ಸಂಜೆ ಮರಳಿ ಬಂದಾಗ ಪೈಪನ್ನು ಒರೆಸಿ, ಸುತ್ತಿ, ಸುತಳಿಯಿಂದ ಮೂರು ಕಡೆ ಕಟ್ಟಿದ್ದರು. ನಾನು ತಿಂಗಳುಗಟ್ಟಲೆ ನೋಡಿಯೂ ನೋಡದಂತಿದ್ದ ನಡುವಿನ ಸೀಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿತ್ತು.